ತುತ್ತಿನ ಬಕೆಟ್ಟು, ಬಿಪಿ ಮೆಷಿನ್ನು ಮತ್ತು ನನ್ನ ಮೊದಲ ವಾಟರ್ ಕೂಲಿಂಗ್

ನಮ್ಮದು ಕಾಸರಗೋಡಿನ ಪೆರ್ಲದ ಹತ್ತಿರ ಅಡಿಕೆ ತೋಟದ ಮನೆ. ಹಂಚಿನ ಮಾಡು. ಉಪ್ಪರಿಗೆಯ ಮೂಲೆಯಲ್ಲಿ ನನ್ನ ಕಂಪ್ಯೂಟರ್. ಯಕ್ಷಗಾನದ ಆಟಗಳನ್ನು ಮೂರು ಕ್ಯಾಮೆರಾದಲ್ಲಿ ಹಿಡಿದು, ಎಡಿಟ್ ಮಾಡಿ ಕೊಡುವುದು ನನ್ನ ಕೆಲಸ. ಏಪ್ರಿಲ್ ಮಧ್ಯಾಹ್ನ ಈ ಕೋಣೆಯಲ್ಲಿ ಥರ್ಮಾಮೀಟರ್ 36 ಡಿಗ್ರಿ ತೋರಿಸುತ್ತದೆ. ಆಗ ರೆಂಡರ್‌ಗೆ, ಅಂದರೆ ಎಡಿಟ್ ಆದದ್ದನ್ನು ಕೊನೆಯ ವಿಡಿಯೋ ಮಾಡಲು ಹಾಕಿದರೆ ಗ್ರಾಫಿಕ್ಸ್ ಕಾರ್ಡಿನ ಫ್ಯಾನು ಅಡಿಕೆ ಸುಲಿಯುವ ಮೆಷಿನ್ ತರ ಕೂಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಭಾಗವತರ ಸ್ವರ, ಚೆಂಡೆಯ ಲೆವೆಲ್ ಸರಿಮಾಡಲು ಕೂತರೆ ಮದ್ದಳೆಯ ಸಣ್ಣ ನುಡಿತಗಳು ಕೇಳುವುದೇ ಇಲ್ಲ. ಈ ಸಲ ತಡೆಯಲಾಗಲಿಲ್ಲ. ನೀರು ಹರಿಸಿಯೇ ಬಿಡೋಣ ಅಂತ ತೀರ್ಮಾನ ಮಾಡಿದೆ.

ಮೊದಲೇ ಒಂದು ಮಾತು. ವಾಟರ್ ಕೂಲಿಂಗ್ ಅಂದರೆ ಫ್ರಿಜ್ ಅಲ್ಲ. ಕೋಣೆ 36 ಇದ್ದರೆ ನೀರು 36ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಚಿಪ್ಪಿನ ಬಿಸಿಯನ್ನು ನೀರು ಎತ್ತಿಕೊಂಡು ಹೋಗಿ ದೊಡ್ಡ ರೇಡಿಯೇಟರಿನಲ್ಲಿ ಹರಡುತ್ತದೆ, ಫ್ಯಾನುಗಳು ಅದನ್ನು ನಿಧಾನಕ್ಕೆ ಹೊರಗೆ ಊದುತ್ತವೆ, ಅಷ್ಟೇ. ಸಿಗುವ ಲಾಭ ಜಾಗ ಮತ್ತು ನಿಶ್ಶಬ್ದ. ನೀರು ಯಾವಾಗಲೂ ಕೋಣೆಗಿಂತ ಬಿಸಿಯಾಗಿಯೇ ಇರುವುದರಿಂದ ಪೈಪಿನ ಮೇಲೆ ಹನಿ ಕಟ್ಟುವ ಭಯವೂ ಇಲ್ಲ. ನಮ್ಮ ಜುಲೈ ತಿಂಗಳ ಥಂಡಿ ನೋಡಿದವರು ಇದನ್ನೇ ಮೊದಲು ಕೇಳುತ್ತಾರೆ.

ಲೆಕ್ಕ ಶುರುವಾದದ್ದು ವ್ಯಾಟಿನಿಂದ. ನನ್ನಲ್ಲಿರುವ ಪ್ರೊಸೆಸರ್, ಅಂದರೆ ಸಿಪಿಯು, ರೈಜೆನ್ 7 5800ಎಕ್ಸ್. ಪೆಟ್ಟಿಗೆಯ ಮೇಲೆ 105 ವ್ಯಾಟ್ ಅಂತ ಇದೆ, ಆದರೆ ಸಾಕೆಟ್‌ನಿಂದ 142ರ ತನಕ ಎಳೆಯಲು ಅದಕ್ಕೆ ಪರ್ಮಿಶನ್ ಉಂಟು. ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3070, ಅದು 220. ಎರಡೂ ಸೇರಿ ಸುಮಾರು 360 ವ್ಯಾಟ್. ನೂರು ವ್ಯಾಟಿಗೆ 120 ಮಿಲಿಮೀಟರ್‌ನ ಒಂದು ಫ್ಯಾನಿನಷ್ಟು ರೇಡಿಯೇಟರ್ ಇದ್ದರೆ ಸದ್ದಿಲ್ಲದೆ ನಡೆಯುತ್ತದೆ ಎನ್ನುವುದು ರೂಢಿಯ ಲೆಕ್ಕ. ಅಂದರೆ ನಾಲ್ಕು ಬೇಕು. ನಮ್ಮ ಸೆಖೆಗೆ ಒಂದು ಜಾಸ್ತಿಯೇ ಇರಲಿ ಅಂತ ಐದು ಹಿಡಿದೆ. ಮುಂದೆ ಮೂರು ಫ್ಯಾನಿನ ಒಂದು 360, ಮೇಲೆ ಎರಡು ಫ್ಯಾನಿನ ಒಂದು 240.

ಕಾಗದದ ಮೇಲೆ ಕೂತದ್ದು ಕ್ಯಾಬಿನೆಟ್‌ನಲ್ಲಿ ಕೂರಲಿಲ್ಲ. ಬಾಳೆಹಣ್ಣು ತಂದ ರಟ್ಟಿನ ಪೆಟ್ಟಿಗೆ ಕತ್ತರಿಸಿ ರೇಡಿಯೇಟರಿನ ಅಳತೆಗೆ ತುಂಡು ಮಾಡಿ ಒಳಗೆ ಇಟ್ಟು ನೋಡಿದೆ. ರೇಡಿಯೇಟರ್ ದಪ್ಪ 30, ಫ್ಯಾನ್ 25, ಒಟ್ಟು 55 ಮಿಲಿಮೀಟರ್. ಮೇಲ್ಗಡೆ ಮದರ್‌ಬೋರ್ಡಿನ ಹೀಟ್‌ಸಿಂಕ್‌ಗೆ ನಾಲ್ಕು ಮಿಲಿಮೀಟರ್ ತಾಗುತ್ತದೆ. ನಾಲ್ಕೇ ನಾಲ್ಕು! ಎರಡು ದಿನ ಅದನ್ನೇ ನೋಡುತ್ತ ಕೂತೆ. ಕೊನೆಗೆ ಹೊಳೆದದ್ದು ತೀರ ಸುಲಭದ್ದು. ರೇಡಿಯೇಟರ್ ಒಳಗೆ, ಫ್ಯಾನು ಎರಡೂ ಕ್ಯಾಬಿನೆಟ್ಟಿನ ಹೊರಗೆ, ಅದರ ಮಾಡಿನ ಮೇಲೆ. ನಡುವೆ ತಗಡು. ಫ್ಯಾನು ಗಾಳಿಯನ್ನು ಮೇಲಕ್ಕೆ ಎಳೆಯುತ್ತದೆ. ನೋಡಲು ಚಂದ ಇಲ್ಲ, ಒಪ್ಪುತ್ತೇನೆ. ಉಪ್ಪರಿಗೆಗೆ ನೋಡಲು ಯಾರು ಬರುತ್ತಾರೆ?

ಅಪ್ಪನಿಗೆ ಈ ನಕ್ಷೆ ತೋರಿಸಿದೆ. ಅವರಿಗೆ ಕಂಪ್ಯೂಟರ್ ಗೊತ್ತಿಲ್ಲ, ಪಂಪ್ ಗೊತ್ತು. ಮೊದಲ ಪ್ರಶ್ನೆಯೇ, "ಎಷ್ಟು ಎತ್ತರಕ್ಕೆ ನೀರು ಹೊಡೆಯಬೇಕು? ಎಷ್ಟು ಎಚ್‌ಪಿ?" ಒಳ್ಳೆಯ ಪ್ರಶ್ನೆ. ನಾನೂ ಮೊದಲು ಅಲ್ಲಿಯೇ ಎಡವಿದ್ದೆ. ತೋಟದ ಪಂಪ್ ಕೆಳಗಿನ ಕೆರೆಯಿಂದ ಗುಡ್ಡದ ಟಾಂಕಿಗೆ ನೀರು ಎತ್ತಿ ಬಿಟ್ಟುಬಿಡುತ್ತದೆ. ಆ ಎತ್ತರದ ಭಾರ ಪೂರ್ತಿ ಪಂಪಿನ ಮೇಲೆ. ಇಲ್ಲಿ ಪೈಪು ಸುತ್ತು ಹೊಡೆದು ವಾಪಸ್ ಪಂಪಿಗೇ ಬರುತ್ತದೆ. ಮೇಲೆ ಹತ್ತುವ ನೀರಿನಷ್ಟೇ ನೀರು ಇನ್ನೊಂದು ಕಡೆ ಇಳಿಯುತ್ತಿರುತ್ತದೆ. ಎತ್ತರದ ಲೆಕ್ಕ ಸೊನ್ನೆ, ತಿಕ್ಕಾಟದ ಲೆಕ್ಕ ಮಾತ್ರ ಉಳಿಯುತ್ತದೆ. ಅಪ್ಪ ಒಂದು ನಿಮಿಷ ಸುಮ್ಮನಿದ್ದು, "ಹಾಗಾದರೆ ಗಾಳಿ ಹಿಡಿದರೆ ಎಂತ ಮಾಡ್ತಿ?" ಅಂದರು.

ಅದೇ ಅಸಲು ವಿಷಯ. ನಾನು ತೆಗೆದುಕೊಂಡದ್ದು ಡಿ5 ಜಾತಿಯ ಪಂಪ್, 12 ವೋಲ್ಟ್. ಅದರ ಬೇರಿಂಗಿಗೆ ನೀರೇ ಎಣ್ಣೆ. ಒಣಗಿದ್ದಾಗ ಓಡಿಸಿದರೆ ಸವೆದು ಹೋಗುತ್ತದೆ. ಆದ್ದರಿಂದ ನೀರಿನ ಡಬ್ಬಿ ಪಂಪಿಗಿಂತ ಮೇಲಿರಬೇಕು, ಅದರ ನೀರು ತನ್ನಷ್ಟಕ್ಕೇ ಪಂಪಿನೊಳಗೆ ಇಳಿಯಬೇಕು. ಡಬ್ಬಿ ಮತ್ತು ಪಂಪ್ ಒಟ್ಟಿಗೇ ಇರುವ ಸೆಟ್ ತೆಗೆದುಕೊಂಡೆ. ಫುಟ್‌ವಾಲ್ವ್ ಸೋರಿ, ಕೊಡದಲ್ಲಿ ನೀರು ಹೊಯ್ದು ಪ್ರೈಮ್ ಮಾಡಿ ಸೊಂಟ ನೋಯಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಾವುದರ ನಂತರ ಯಾವುದು ಬರಬೇಕು ಎನ್ನುವ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಚಿಪ್ಪಿನ ಮೇಲೆ ಕೂತು ಅದರ ಬಿಸಿಯನ್ನು ನೀರಿಗೆ ದಾಟಿಸುವ ತಾಮ್ರದ ತುಂಡಿಗೆ ಬ್ಲಾಕ್ ಅನ್ನುತ್ತಾರೆ. ಸಿಪಿಯು ಬ್ಲಾಕ್ ದಾಟಿದ ಬಿಸಿನೀರು ನೇರ ಗ್ರಾಫಿಕ್ಸ್ ಕಾರ್ಡಿಗೆ ಹೋದರೆ ಹೇಗೆ ಅಂತ ನನಗೂ ಹೆದರಿಕೆ ಇತ್ತು. ಲೆಕ್ಕ ಹಾಕಿದೆ. ಒಂದು ಲೀಟರ್ ನೀರಿನ ಬಿಸಿ ಒಂದು ಡಿಗ್ರಿ ಏರಲು ಸುಮಾರು 4,180 ಜೂಲ್ ಬೇಕು. ನಿಮಿಷಕ್ಕೆ ಮೂರು ಲೀಟರ್ ಹರಿದರೆ, ಪೂರ್ತಿ 360 ವ್ಯಾಟ್ ಸುರಿದರೂ ನೀರು ಒಂದು ಸುತ್ತಿನಲ್ಲಿ ಎರಡು ಡಿಗ್ರಿಯೂ ಏರುವುದಿಲ್ಲ. ಹಾಗಾಗಿ ಪೈಪು ಎಲ್ಲಿ ಗಿಡ್ಡವಾಗುತ್ತದೋ, ಎಲ್ಲಿ ಮಡಚುವುದಿಲ್ಲವೋ ಅದೇ ದಾರಿ. ಅಷ್ಟೇ.

ಪೈಪಿನ ವಿಷಯದಲ್ಲಿ ತೋಟವೇ ಪಾಠ ಹೇಳಿತು. ಮೊದಲ ಆಸೆ ಗಾಜಿನಂಥ ಪೈಪು, ನೀಲಿ ನೀರು, ಬಣ್ಣದ ಲೈಟು. ಆದರೆ ನಮ್ಮ ಡ್ರಿಪ್ ಪೈಪು ಯಾಕೆ ಕಪ್ಪು? ಬೆಳಕು ಒಳಗೆ ಹೋದರೆ ಪಾಚಿ ಕಟ್ಟುತ್ತದೆ, ತೂತು ಮುಚ್ಚುತ್ತದೆ. ವಾಟರ್ ಬ್ಲಾಕಿನ ಒಳಗಿನ ತಾಮ್ರದ ಗೆರೆಗಳ ನಡುವಿನ ಸಂದು ಡ್ರಿಪ್ಪರಿನ ತೂತಿಗಿಂತ ಸಣ್ಣದು. ಅದರ ಮೇಲೆ, ಸಾಮಾನ್ಯ ಮೆದು ಪಿವಿಸಿ ಪೈಪಿನಿಂದ ಅದನ್ನು ಮೆದು ಮಾಡಲು ಹಾಕಿದ ಪದಾರ್ಥ ನಿಧಾನಕ್ಕೆ ನೀರಿಗಿಳಿದು ಅಂಟು ಅಂಟಾಗಿ ಅದೇ ಸಂದಿನಲ್ಲಿ ಕೂರುತ್ತದೆ. ಕಪ್ಪು ಇಪಿಡಿಎಂ ರಬ್ಬರ್ ಪೈಪ್ ತರಿಸಿದೆ, ಒಳಗೆ 10, ಹೊರಗೆ 16 ಮಿಲಿಮೀಟರ್. ದಪ್ಪ ಇರುವುದರಿಂದ ಬಗ್ಗಿಸಿದರೂ ಮುರಿಯುವುದಿಲ್ಲ. ಚಂದ ಬೇಕಾದವರು ಗಟ್ಟಿ ಅಕ್ರಿಲಿಕ್ ಬಗ್ಗಿಸಿಕೊಳ್ಳಲಿ. ಮೊದಲ ಸಲಕ್ಕೆ ಅದು ಬೇಡ ಅಂತ ನನ್ನ ಅಭಿಪ್ರಾಯ.

ಇನ್ನು ಫಿಟ್ಟಿಂಗ್. ಇಡೀ ಯೋಜನೆಯಲ್ಲಿ ಸುಮ್ನೆ ದುಡ್ಡು ತಿನ್ನುವ ಸಾಮಾನು ಇದೊಂದೇ. ಒಂದಕ್ಕೆ 350 ರೂಪಾಯಿ, ಹನ್ನೆರಡು ಬೇಕು. ಎಲ್ಲವೂ ಜಿ 1/4 ಥ್ರೆಡ್ಡು. ಹುಡುಕುತ್ತ ಹೋದರೆ ಅದು ನಮ್ಮ ಪ್ಲಂಬಿಂಗ್ ಅಂಗಡಿಯ ಕಾಲಿಂಚಿನ ಬಿಎಸ್‌ಪಿ ಥ್ರೆಡ್ಡೇ! ಹೆಸರಿಗೆ ಕಾಲಿಂಚು, ವರ್ನಿಯರ್ ಇಟ್ಟರೆ ಹೊರಗಿನ ಅಳತೆ 13.1 ಮಿಲಿಮೀಟರ್. ಅರ್ಧ ಇಂಚಿನ ನಲ್ಲಿಯೂ ಅಳೆದರೆ ಅರ್ಧ ಇಂಚು ಇರುವುದಿಲ್ಲವಲ್ಲ, ಹಾಗೆಯೇ. ಬದಿಯಡ್ಕದ ಹಾರ್ಡ್‌ವೇರ್ ಅಂಗಡಿಯಿಂದ ಹಿತ್ತಾಳೆಯ ನಿಪ್ಪಲ್ ಒಂದು ತಂದು ರೇಡಿಯೇಟರಿಗೆ ತಿರುಗಿಸಿದೆ. ಎರಡು ಸುತ್ತು ಸಲೀಸಾಗಿ ಹೋಯಿತು. ಮೂರನೆಯದಕ್ಕೆ ಬಿಗಿ. ತೆಗೆದು ಕಣ್ಣಿನ ಹತ್ತಿರ ಹಿಡಿದರೆ ಗೊತ್ತಾಯಿತು, ನಿಪ್ಪಲ್ ತುದಿಗೆ ಸಪೂರ, ಬುಡಕ್ಕೆ ದಪ್ಪ. ಅದು ಟೇಪರ್ ಥ್ರೆಡ್. ಟೆಫ್ಲಾನ್ ಟೇಪ್ ಸುತ್ತಿ ಬಿಗಿದು ನೀರು ತಡೆಯುವ ಜಾತಿ. ಕಂಪ್ಯೂಟರಿನದು ನೇರ ಥ್ರೆಡ್, ನೀರು ತಡೆಯುವುದು ಬುಡದಲ್ಲಿರುವ ರಬ್ಬರ್ ಉಂಗುರ. ಟೇಪರಿನದನ್ನು ಅಕ್ರಿಲಿಕ್ ಬ್ಲಾಕಿಗೆ ಸ್ಪ್ಯಾನರ್ ಹಾಕಿ ಬಿಗಿದರೆ ಬೆಣೆ ಹೊಡೆದ ಹಾಗೆ ಸೀಳುತ್ತದೆ. ಮಾತಾಡದೆ 4,200 ರೂಪಾಯಿ ಕೊಟ್ಟೆ.

ಗ್ರಾಫಿಕ್ಸ್ ಕಾರ್ಡಿನ ಬ್ಲಾಕ್ ತರಿಸುವಾಗ ಎಚ್ಚರ. "3070ಕ್ಕೆ" ಅಂತ ಬರೆದದ್ದೆಲ್ಲ ಎಲ್ಲ 3070ಕ್ಕೂ ಕೂರುವುದಿಲ್ಲ. ಒಂದೊಂದು ಕಂಪನಿಯ ಬೋರ್ಡಿನಲ್ಲಿ ಬಿಡಿಭಾಗಗಳ ಜಾಗ ಬೇರೆ. ಕಾರ್ಡಿನ ಪೂರ್ತಿ ಮಾಡೆಲ್ ನಂಬರ್ ಹಿಡಿದು, ಬೋರ್ಡಿನ ಫೋಟೋ ಹೋಲಿಸಿ ನೋಡಿಯೇ ಆರ್ಡರ್ ಮಾಡಿದೆ. ಪಾರ್ಸೆಲ್ ಒಂದೊಂದೇ ಬಂತು. ಕೊರಿಯರಿನ ಹುಡುಗ ಮಲಯಾಳದಲ್ಲಿ ದಾರಿ ಕೇಳಿದ, ನಾನು ಕನ್ನಡದಲ್ಲಿ ಹೇಳಿದೆ, ಕೊನೆಗೆ ಇಬ್ಬರೂ ತುಳುವಿಗೆ ಬಂದು ಮುಟ್ಟಿದೆವು.

ಈಗ ನನ್ನ ಪೆದ್ದುತನಕ್ಕೆ ಬರುತ್ತೇನೆ.

ತಾಮ್ರದ 360 ರೇಡಿಯೇಟರಿಗೆ 6,500 ರೂಪಾಯಿ. ಅದೇ ಅಳತೆಯ ಅಲ್ಯುಮಿನಿಯಂದು 2,100ಕ್ಕೆ ಕಂಡಿತು. ಬ್ಲಾಕುಗಳು ತಾಮ್ರ, ತಾಮ್ರ ಮತ್ತು ಅಲ್ಯುಮಿನಿಯಂ ಒಂದೇ ನೀರಿನಲ್ಲಿ ಸೇರಿಸಬಾರದು ಅಂತ ಓದಿದ್ದೆ. ಆದರೆ ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಲಿಕ್ವಿಡ್ ಕೂಲರುಗಳಲ್ಲಿ ಹೆಚ್ಚಿನವಕ್ಕೆ ತಾಮ್ರದ ತಟ್ಟೆ, ಅಲ್ಯುಮಿನಿಯಂ ರೇಡಿಯೇಟರ್ ತಾನೇ? ಅವು ಐದು ವರ್ಷ ಓಡುವುದಿಲ್ಲವಾ? ಹೀಗೆ ನನಗೆ ನಾನೇ ವಕೀಲನಾಗಿ ವಾದಿಸಿ ಅಲ್ಯುಮಿನಿಯಂ ತರಿಸಿಬಿಟ್ಟೆ.

ಜೂನ್ ಮೊದಲ ವಾರ. ಮಳೆ ಸ್ವಲ್ಪ ಬಿಟ್ಟಿತ್ತು. ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. ಕೊಳೆರೋಗಕ್ಕೆ ನಮ್ಮಲ್ಲಿ ಬೋರ್ಡೋ ದ್ರಾವಣವೇ ಗತಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಅಪ್ಪ ಎರಡನ್ನೂ ಸೇರಿಸಿ ಕದಡಿದರು. ಆಮೇಲೆ ಎಂದಿನ ಹಾಗೆ ಚೂರಿಯನ್ನು ಉಜ್ಜಿ ಹೊಳೆಯುವ ಹಾಗೆ ಮಾಡಿ ಅದರಲ್ಲಿ ಮುಳುಗಿಸಿ ಹಿಡಿದರು. ಹೊರಗೆ ತೆಗೆದರೆ ಅಲಗಿನ ಮೇಲೆ ತೆಳುವಾದ ಕೆಂಪು. "ಸುಣ್ಣ ಸಾಲದು" ಅಂತ ಇನ್ನೊಂದು ಬೊಗಸೆ ಹಾಕಿದರು. ಇದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ನೀರಿನಲ್ಲಿ ಬಿಡಿಯಾಗಿ ತಾಮ್ರ ಉಳಿದಿದ್ದರೆ ಅದು ಕಬ್ಬಿಣದ ಮೇಲೆ ಬಂದು ಕೂರುತ್ತದೆ, ಬದಲಿಗೆ ಕಬ್ಬಿಣ ಕರಗುತ್ತದೆ. ತುತ್ತನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು ಅಂತ ಹೇಳುವುದೂ ಅದಕ್ಕೇ. ಆ ಕೆಂಪು ನೋಡಿದಾಗ ಉಪ್ಪರಿಗೆಯಲ್ಲಿದ್ದ ರೇಡಿಯೇಟರ್ ನೆನಪಾಯಿತು. ಹೊಟ್ಟೆಯಲ್ಲಿ ಒಂದು ಥರಾ ಆಯ್ತು.

ಆದರೂ ಹಠ. ಪರೀಕ್ಷೆ ಮಾಡಿಯೇ ನೋಡುವ ಅಂತ ಉಪ್ಪಿನಕಾಯಿಯ ಹಳೆ ಗಾಜಿನ ಬಾಟಲಿಯಲ್ಲಿ ಸ್ವಲ್ಪ ತುತ್ತು ಕರಗಿಸಿದೆ. ಸುಣ್ಣ ಇಲ್ಲ, ಬರೀ ನೀಲಿ ನೀರು. ಕಿಟಕಿಗೆ ಹಾಕಿ ಉಳಿದ ಅಲ್ಯುಮಿನಿಯಂ ಚಾನೆಲ್ಲಿನ ತುಂಡು ಅದರಲ್ಲಿ ಇಳಿಬಿಟ್ಟೆ. ಹತ್ತು ನಿಮಿಷ ಆಯಿತು, ಎಂತ ಇಲ್ಲ. ಅರ್ಧ ಗಂಟೆ, ಎಂತ ಇಲ್ಲ. ಬೆಳ್ಳಗೆ ಹಾಗೆಯೇ ನಿಂತಿದೆ. ನನಗೆ ಒಳಗೊಳಗೇ ಖುಷಿ. ನೋಡಿ, ಎಲ್ಲ ಸುಮ್ಮನೆ ಹೆದರಿಸುವುದು!

ಆಮೇಲೆ ಶಾಲೆಯ ಪಾಠ ನೆನಪಾಯಿತು. ಅಲ್ಯುಮಿನಿಯಂ ಮೇಲೆ ಅದರದ್ದೇ ಆಕ್ಸೈಡಿನ ತೆಳು ಪೊರೆ ಇರುತ್ತದೆ, ಅದು ಕಾಯುತ್ತದೆ. ಆ ಪೊರೆಗೆ ಉಪ್ಪು ಆಗುವುದಿಲ್ಲ. ಅಡುಗೆಮನೆಯಿಂದ ಒಂದು ಚಿಟಿಕೆ ಉಪ್ಪು ತಂದು ಬಾಟಲಿಗೆ ಹಾಕಿದೆ. ಸ್ವಲ್ಪ ಹೊತ್ತಿನಲ್ಲಿ ತುಂಡಿನ ಅಂಚಿನಲ್ಲಿ ಸಣ್ಣ ಗುಳ್ಳೆಗಳು. ಮತ್ತೆ ಒಂದು ಕಂದು ಚುಕ್ಕೆ. ಚುಕ್ಕೆ ಹರಡಿತು. ನೋಡ ನೋಡುತ್ತ ಇಡೀ ತುಂಡಿನ ಮೇಲೆ ಕಾಫಿ ಚರಟದಂಥ ಕೆಂಪು ಕಂದು ಬೂಸ್ಟು ಬೆಳೆದು ಉದುರತೊಡಗಿತು. ಬಾಟಲಿ ಮುಟ್ಟಿದರೆ ಬೆಚ್ಚಗೆ. ನೀಲಿ ಬಣ್ಣ ಪೇಲವವಾಗುತ್ತ ಬಂತು. ಮರುದಿನ ತುಂಡು ತೊಳೆದು ನೋಡಿದರೆ ಗೆದ್ದಲು ತಿಂದ ಮಂಚದ ಹಾಗೆ ತೂತು ತೂತು.

ಕಂಪ್ಯೂಟರಿನೊಳಗೆ ಇಷ್ಟು ಜೋರಾಗಿ ನಡೆಯುವುದಿಲ್ಲ. ಅಲ್ಲಿ ನೀರಿನಲ್ಲಿ ಕರಗುವ ತಾಮ್ರ ತೀರ ಕಡಿಮೆ. ಆದರೆ ದಾರಿ ಇದೇ. ಮೊದಲ ಕೆಲವು ತಿಂಗಳು ಏನೂ ಇಲ್ಲ, ಎಲ್ಲಿಯೋ ಒಂದು ಕಡೆ ಪೊರೆ ಒಡೆದ ಮೇಲೆ ಅಲ್ಲೇ ಕೊರೆಯುತ್ತ ಹೋಗುತ್ತದೆ. ರೆಡಿಮೇಡ್ ಕೂಲರಿನಲ್ಲಿ ತುಕ್ಕು ತಡೆಯುವ ಮದ್ದು ಬೆರೆಸಿ ಕಾರ್ಖಾನೆಯಲ್ಲೇ ಸೀಲ್ ಮಾಡಿರುತ್ತಾರೆ. ನನ್ನ ಹಾಗೆ ಮುಚ್ಚಳ ತೆಗೆದು ಆಗಾಗ ನೀರು ತುಂಬಿಸುವವನಿಗೆ ಆ ಧೈರ್ಯ ಬೇಡ. ವಾಪಸ್ ಕೊಡುವ ದಿನ ದಾಟಿತ್ತು. 2,100 ರೂಪಾಯಿ ಹೋಯಿತು. ತಾಮ್ರದ್ದನ್ನೇ ತರಿಸಿದೆ. ಮೇಲಿನ 240 ಪುಣ್ಯಕ್ಕೆ ಮೊದಲೇ ತಾಮ್ರದ್ದು. ಹಿತ್ತಾಳೆ ಫಿಟ್ಟಿಂಗಿಗೆ ನಿಕ್ಕೆಲ್ ಲೇಪ ಇದೆ, ಅದಕ್ಕೂ ತಾಮ್ರಕ್ಕೂ ಜಗಳವಿಲ್ಲ.

ನೀರಿನ ಬಗ್ಗೆ ಮನೆಯಲ್ಲಿ ಸಣ್ಣ ಮನಸ್ತಾಪವೇ ಆಯಿತು. ನಮ್ಮದು ಸುರಂಗದ ನೀರು. ಗುಡ್ಡದ ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದ ಸುರಂಗ, ಅಜ್ಜನ ಕಾಲದ್ದು, ಪಂಪಿಲ್ಲದೆ ತನ್ನಷ್ಟಕ್ಕೆ ಹರಿದು ಟಾಂಕಿಗೆ ಬೀಳುತ್ತದೆ. ಅದನ್ನು ಬಿಟ್ಟು ದುಡ್ಡು ಕೊಟ್ಟು ನೀರು ತಂದೆ ಅಂದರೆ ಅಪ್ಪನಿಗೆ ಸಿಟ್ಟು ಬಾರದೇ? ಕುಡಿಯಲು ಅದಕ್ಕಿಂತ ಸಿಹಿ ನೀರಿಲ್ಲ, ನಿಜ. ಆದರೆ ಕುಡಿಯುವ ನೀರಿನಲ್ಲಿ ಲವಣ ಉಂಟು, ಜೀವಾಣು ಉಂಟು. ಎರಡೂ ಲೂಪಿಗೆ, ಅಂದರೆ ಈ ನೀರು ಸುತ್ತುವ ದಾರಿಗೆ, ಬೇಡ. ಇನ್ವರ್ಟರಿಗೆ ಹಾಕುವ ಬ್ಯಾಟರಿ ನೀರಿನ ಐದು ಲೀಟರ್ ಕ್ಯಾನ್ ತಂದೆ. ಅಂಗಡಿಯಲ್ಲಿ ಪಕ್ಕದಲ್ಲೇ ಬ್ಯಾಟರಿ ಆಸಿಡ್ಡಿನ ಕ್ಯಾನೂ ಇರುತ್ತದೆ, ಲೇಬಲ್ ಎರಡು ಸಲ ಓದಿ. ಅದಕ್ಕೆ ತುಕ್ಕು ಮತ್ತು ಪಾಚಿ ತಡೆಯುವ ಕಾನ್ಸಂಟ್ರೇಟ್ ಬಾಟಲಿಯ ಮೇಲೆ ಬರೆದ ಪ್ರಮಾಣದಲ್ಲಿ ಬೆರೆಸಿದೆ. ಪೂರ್ತಿ ಲೂಪಿಗೆ ಹಿಡಿದದ್ದು ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ. ರೇಡಿಯೇಟರುಗಳನ್ನು ಜೋಡಿಸುವ ಮೊದಲು ಅದೇ ನೀರಿನಲ್ಲಿ ಕುಲುಕಿ ಕುಲುಕಿ ತೊಳೆದೆ. ಮೊದಲ ಸಲ ಬಂದ ನೀರಿನಲ್ಲಿ ಕಪ್ಪು ಕಸ, ಬೆಸುಗೆಯ ಚೂರು. ನಾಲ್ಕನೇ ಸಲಕ್ಕೆ ತಿಳಿಯಾಯಿತು.

ಜೋಡಣೆ ಒಂದು ಭಾನುವಾರ ಬೆಳಿಗ್ಗೆಯಿಂದ ಸಂಜೆ. ಅದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ರಬ್ಬರ್ ಪೈಪು ಫಿಟ್ಟಿಂಗಿಗೆ ಹತ್ತದಿದ್ದರೆ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ.

ನೀರು ತುಂಬುವ ಮೊದಲು ಗಾಳಿಯಲ್ಲಿ ಪರೀಕ್ಷೆ. ಅದಕ್ಕೆ ಬೇರೆ ಮೀಟರ್ ಸಿಗುತ್ತದೆ. ನಾನು ಅಜ್ಜಿಯ ಹಳೆಯ ಬಿಪಿ ನೋಡುವ ಉಪಕರಣ ತೆಗೆದೆ. ಕೈಪಟ್ಟಿ ಕಳಚಿ, ಅದರ ರಬ್ಬರ್ ಬಲ್ಬನ್ನೂ ಡಯಲ್ಲನ್ನೂ ಒಂದು ಟಿ ಹಾಕಿ ಡಬ್ಬಿಯ ಮೇಲಿನ ತೂತಿಗೆ ಜೋಡಿಸಿದೆ. ಡಯಲ್ 300ರ ತನಕ ಇದೆ, ಅಂದರೆ 0.4 ಬಾರ್. ನನಗೆ ಅಷ್ಟೂ ಬೇಡ. 250ಕ್ಕೆ ಏರಿಸಿ ಬಿಟ್ಟೆ. ಹತ್ತು ನಿಮಿಷದಲ್ಲಿ ಮುಳ್ಳು 190ಕ್ಕೆ ಇಳಿಯಿತು. ಲೂಪಿಗೆ ಬಿಪಿ ಲೋ! ಸೋಪಿನ ನೊರೆಯನ್ನು ಬ್ರಷ್ಷಿನಲ್ಲಿ ಒಂದೊಂದೇ ಸಂದಿಗೆ ಹಚ್ಚುತ್ತ ಹೋದೆ. ಮುಂದಿನ ರೇಡಿಯೇಟರಿನ ಕೆಳಗಿನ ಫಿಟ್ಟಿಂಗಿನಲ್ಲಿ ಸಾಸಿವೆಯಷ್ಟು ಗುಳ್ಳೆ ಉಬ್ಬಿತು, ಒಡೆಯಿತು, ಮತ್ತೆ ಉಬ್ಬಿತು. ಕಳಚಿ ನೋಡಿದರೆ ರಬ್ಬರ್ ಉಂಗುರ ತನ್ನ ಕಚ್ಚಿನಿಂದ ಜಾರಿ ಅಂಚಿನಲ್ಲಿ ಸಿಕ್ಕಿಕೊಂಡಿತ್ತು. ಸರಿ ಕೂರಿಸಿ, ಕೈಯಲ್ಲೇ ಬಿಗಿದು ಮತ್ತೆ ಕಾಲು ಸುತ್ತು. ಈ ಸಲ ಅರ್ಧ ಗಂಟೆಯಾದರೂ ಮುಳ್ಳು 250 ಬಿಟ್ಟು ಅಲುಗಲಿಲ್ಲ.

ಆಮೇಲೆ ನೀರು. ಕಂಪ್ಯೂಟರ್ ಆನ್ ಮಾಡದೆ ಪಂಪ್ ಮಾತ್ರ ಓಡಬೇಕು. ಪವರ್ ಸಪ್ಲೈನ 24 ಪಿನ್ನಿನ ಕನೆಕ್ಟರ್ ಮದರ್‌ಬೋರ್ಡಿನಿಂದ ತೆಗೆದು, ಹಸಿರು ವಯರಿನ ಪಿನ್ನಿಗೂ ಪಕ್ಕದ ಕಪ್ಪಿಗೂ ಒಂದು ಪೇಪರ್ ಕ್ಲಿಪ್ ಸಿಕ್ಕಿಸಿದೆ. ಎಲ್ಲ ವಯರೂ ಕಪ್ಪೇ ಇದ್ದರೆ 16ನೇ ಪಿನ್ ಎಣಿಸಿಯೇ ಹಾಕಬೇಕು. ಡಬ್ಬಿ ತುಂಬಿಸು, ಸ್ವಿಚ್ ಹಾಕು, ಡಬ್ಬಿ ಖಾಲಿಯಾಗುವ ಮೊದಲೇ ಆಫ್ ಮಾಡು, ಮತ್ತೆ ತುಂಬಿಸು. ಏಳು ಸಲ. ಕೊನೆಗೆ ಗಾಳಿ ಗೊರಗೊರ ಅನ್ನುತ್ತ ಬಂತು. ಕ್ಯಾಬಿನೆಟ್ಟನ್ನು ತೊಟ್ಟಿಲ ಹಾಗೆ ಆ ಕಡೆ ಈ ಕಡೆ ಓಲಾಡಿಸಿದೆ. ಅಪ್ಪ ಬಾಗಿಲಲ್ಲಿ ನಿಂತು, "ಏರ್ ಹೋಯ್ತು" ಅಂದರು. ಶಬ್ದ ಕೇಳಿಯೇ ಅವರಿಗೆ ಗೊತ್ತಾಗುತ್ತದೆ.

ಪ್ರತಿ ಫಿಟ್ಟಿಂಗಿನ ಕೆಳಗೂ ಟಿಶ್ಯೂ ಕಾಗದ ಹಾಸಿ, ಪಂಪನ್ನು ಇಡೀ ರಾತ್ರಿ ಓಡಲು ಬಿಟ್ಟು ಮಲಗಿದೆ. ಹೊರಗೆ ಧಾರಾಕಾರ ಮಳೆ.

ಬೆಳಿಗ್ಗೆ ಐದೂವರೆಗೆ ಟಾರ್ಚ್ ಹಿಡಿದು ಹೋದೆ. ಗ್ರಾಫಿಕ್ಸ್ ಕಾರ್ಡಿನ ಮೇಲಿಟ್ಟ ಟಿಶ್ಯೂ ಒದ್ದೆ! ಎದೆ ಧಸಕ್ಕೆಂದಿತು. ಪಂಪ್ ಆಫ್ ಮಾಡಿ, ಫಿಟ್ಟಿಂಗುಗಳನ್ನು ಒಂದೊಂದಾಗಿ ಬೆರಳಲ್ಲಿ ಮುಟ್ಟಿ ನೋಡಿದೆ. ಒಣ. ಬ್ಲಾಕ್ ಒಣ. ಪೈಪ್ ಒಣ. ಡಬ್ಬಿಯ ನೀರಿನ ಮಟ್ಟ ರಾತ್ರಿ ಪೆನ್ನಿನಲ್ಲಿ ಗುರುತು ಹಾಕಿದಲ್ಲೇ ಇದೆ. ಮತ್ತೆ ಈ ನೀರು ಎಲ್ಲಿಯದು? ಬಗ್ಗಿ ಹತ್ತಿರದಿಂದ ನೋಡುತ್ತಿದ್ದೆ. ಕುತ್ತಿಗೆಯ ಮೇಲೆ ತಣ್ಣಗೆ ಒಂದು ಹನಿ ಬಿತ್ತು.

ಹಂಚು! ಪಕ್ಕಾಸಿನ ಸಂದಿನಲ್ಲಿ ಒಂದು ಹಂಚು ಸೀಳು ಬಿಟ್ಟಿದೆ. ಸರಿಯಾಗಿ ಮೇಜಿನ ಮೇಲೆ. ಬದಿಯ ಮುಚ್ಚಳ, ಮೇಲಿನ ಜಾಲರಿ ಎಲ್ಲ ತೆಗೆದಿಟ್ಟವನು ನಾನೇ.

ಮೇಜನ್ನು ಗೋಡೆಯ ಆಚೆ ಬದಿಗೆ ಎಳೆದೆ. ಕಾರ್ಡು ಎರಡು ದಿನ ಫ್ಯಾನಿನ ಕೆಳಗೆ ಒಣಗಿತು. ಹೊಸ ಜಾಗದಲ್ಲಿ ಪಂಪನ್ನು ಮತ್ತೆ ಪೂರಾ 24 ಗಂಟೆ ಓಡಿಸಿದೆ. ಈ ಸಲ ಎಲ್ಲ ಟಿಶ್ಯೂ ಒಣ. ಆಮೇಲೆ ಆನ್ ಮಾಡಿದೆ. ಆರು ಗಂಟೆಯ ಒಂದು ಆಟವನ್ನು ರೆಂಡರ್‌ಗೆ ಹಾಕಿದೆ. ಕೋಣೆ 28, ನೀರು 37ರಲ್ಲಿ ನಿಂತಿತು, ಗ್ರಾಫಿಕ್ಸ್ ಕಾರ್ಡ್ 51. ಏಪ್ರಿಲ್‌ನಲ್ಲಿ ಅದೇ ಕಾರ್ಡು 80 ದಾಟುತ್ತಿತ್ತು, ಆದರೆ ಕೋಣೆಯ ಎಂಟು ಡಿಗ್ರಿ ಬಿಟ್ಟು ಲೆಕ್ಕ ಹಾಕಬೇಕು. ಫ್ಯಾನು ತಿರುಗುತ್ತಿದೆಯೋ ಇಲ್ಲವೋ ಅಂತ ಕೈ ಇಟ್ಟು ನೋಡಬೇಕಾಯಿತು. ಮದ್ದಳೆ ಕೇಳುತ್ತದೆ. ಅದರ ಹಿಂದೆ ಈಗ ಇನ್ನೊಂದು ಶಬ್ದ, ಹಂಚಿನ ಕೆಳಗಿಟ್ಟ ಬಕೆಟ್ಟಿಗೆ ಬೀಳುವ ಹನಿ. ಹಂಚು ಬದಲಿಸುವವರಿಗೆ ಫೋನ್ ಮಾಡಿದ್ದೇನೆ. ಮಳೆ ಬಿಟ್ಟ ಮೇಲೆ ಬರುತ್ತೇನೆ ಅಂದಿದ್ದಾರೆ.